ಮೊದಲ ಗುಂಡಿನ ಮರ್ಯಾದೆ

ಕಳೆದ ವರ್ಷದ ಖಂಡೆ ಪೂಜೆಯ, ಎಂದರೆ ಆಯುಧ ಪೂಜೆಯ ದಿನ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಮಸ್ಕಿ ತಾಲ್ಲೂಕಿನಲ್ಲಿ ಸಂತೆಕಲ್ಲೂರು ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಚನ್ನಬಸವ ಸಾಹುಕಾರರ ಹಳೇ ಮನೆಯ ಪಡಸಾಲೆ. ಹಾಜರಿದ್ದವರು ಸಾಹುಕಾರರು, ಅವರ ತಾಯಿ ನೀಲಮ್ಮ, ಮನೆಯ ಕಾವಲಿನ ಹುಲಿಗೆಪ್ಪ ಮತ್ತು ನಾನು. ನಮ್ಮ ನಡುವೆ ಕಂಬಳಿಯ ಮೇಲೆ ಮೂರು ಬಂದೂಕುಗಳಿದ್ದವು. ಈ ಬರಹ ಮೂರನೆಯದರ ಬಗ್ಗೆ.

ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದವನು. ಬಂದೂಕು, ಪಿಸ್ತೂಲಿನಂಥ ಸಣ್ಣ ಆಯುಧಗಳನ್ನು ಬಿಚ್ಚಿ, ಅಳೆದು, ದುರಸ್ತಿ ಮಾಡಿ, ಬಳಸಲು ಯೋಗ್ಯವೋ ಅಲ್ಲವೋ ಎಂದು ಹೇಳುವುದು ಆರ್ಮರರ್ ಕೆಲಸ. ಹವಾಲ್ದಾರನಾಗಿ ನಿವೃತ್ತನಾದ ಮೇಲೆ ಲೈಸೆನ್ಸ್ ಪಡೆದು ಲಿಂಗಸುಗೂರಿನಲ್ಲಿ ಬಂದೂಕು ದುರಸ್ತಿಯ ಸಣ್ಣ ಅಂಗಡಿ ಇಟ್ಟಿದ್ದೇನೆ. ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಬಂದೂಕು ಇಟ್ಟುಕೊಂಡ ರೈತರು, ಬ್ಯಾಂಕಿನ ಗಾರ್ಡುಗಳು ನನ್ನ ಗಿರಾಕಿಗಳು. ವಯಸ್ಸು ಅರವತ್ತೇಳು. ಇಂದಿಗೂ ನಾಲ್ಕೂವರೆಗೆ ಏಳುತ್ತೇನೆ, ಏಳಕ್ಕೆ ಅಂಗಡಿಯ ಬೀಗ ತೆಗೆಯುತ್ತೇನೆ, ಸಂಜೆ ಉಪಕರಣಗಳನ್ನು ಒರೆಸಿ ಅದರದರ ಮೊಳೆಗೆ ತೂಗುಹಾಕಿದ ಮೇಲೆಯೇ ಚಹಾ ಕುಡಿಯುತ್ತೇನೆ. ಗಿರಾಕಿಗಳು ಬೆನ್ನ ಹಿಂದೆ ನನ್ನನ್ನು ‘ಪರೇಡ್ ಸಾಹೇಬ’ ಅನ್ನುತ್ತಾರೆ. ಅನ್ನಲಿ. ಬಂದೂಕು ಖಾಲಿ ಇದೆ ಎಂದು ಯಾರು ಹೇಳಿದರೂ ನಾನು ನಂಬುವುದಿಲ್ಲ, ತೆರೆದು ನೋಡುತ್ತೇನೆ. ಈ ಅಪನಂಬಿಕೆಯಿಂದಲೇ ನನ್ನ ಹತ್ತೂ ಬೆರಳು ಉಳಿದಿವೆ.

ಚನ್ನಬಸವ ಸಾಹುಕಾರರಿಗೆ ಸಿಂಧನೂರಿನಲ್ಲಿ ಭತ್ತದ ವ್ಯಾಪಾರ. ಆ ಊರಿನ ಹತ್ತಿರದ ಆರ್.ಎಚ್. ಕ್ಯಾಂಪ್ ಎಂಬ ಹಳ್ಳಿಗಳ ಭತ್ತ ಬಹುಪಾಲು ಅವರ ತಕ್ಕಡಿಗೇ ಬರುತ್ತದೆ. ನಲವತ್ತೈದರ ಆಸುಪಾಸಿನ, ನಗುತ್ತಾ ಮಾತಾಡುವ ಮನುಷ್ಯ. ಸೇನೆ ಕೈಬಿಟ್ಟ ಹಳೆಯ ಬಂದೂಕುಗಳನ್ನು ಸಂಗ್ರಹಿಸುವುದು, ಹೊಡೆಯುವುದು ಅವರ ಹವ್ಯಾಸ. ಕಾನೂನಿನ ಪ್ರಕಾರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಎರಡು ಅವರ ಹೆಸರಿನಲ್ಲಿದ್ದವು. ಮೂರನೆಯದು, ತಂದೆ ತೀರಿಕೊಂಡ ಮೇಲೆ, ತಾಯಿ ನೀಲಮ್ಮನವರ ಲೈಸೆನ್ಸಿಗೆ ಬಂದಿತ್ತು. ಅದರಲ್ಲಿ ಹುಲಿಗೆಪ್ಪನ ಹೆಸರು ರಿಟೇನರ್ ಎಂದು ಇತ್ತು. ರಿಟೇನರ್ ಎಂದರೆ ಮಾಲೀಕರ ಪರವಾಗಿ ಅವರ ಬಂದೂಕನ್ನು ಹಿಡಿಯಲು ಅನುಮತಿ ಇರುವ ಆಳು.

ಹವ್ಯಾಸ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಳೆಯ ರೈಫಲ್ ಕೈಗೆ ಬಂದರೆ ನನಗೂ ಹಿತವಾಗುತ್ತದೆ. ಅದರ ಮೈಮೇಲಿನ ಒಂದೊಂದು ಮುದ್ರೆಯೂ ಒಂದೊಂದು ಕಾರ್ಖಾನೆಯ, ಒಂದೊಂದು ಪರೀಕ್ಷೆಯ ಗುರುತು. ಆದರೆ ಸಾಹುಕಾರರು ಈ ವಿದ್ಯೆಯನ್ನೆಲ್ಲ ಫೋನಿನಲ್ಲಿ ವಿದೇಶಿ ಸಂಗ್ರಾಹಕರ ವಿಡಿಯೊ ನೋಡಿ ಕಲಿತಿದ್ದರು. ಯಾವ ಮುದ್ರೆಗೆ ಎಷ್ಟು ಬೆಲೆ ಎಂಬುದು ಅವರಿಗೆ ಬಾಯಿಪಾಠ. ಹೊಡೆಯುವ ಮೊದಲು ನಳಿಗೆಯನ್ನು ಅಳೆಯಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ವಿಡಿಯೊದಲ್ಲಿ ಅದೂ ಇದ್ದೀತು. ಅವರು ಆ ಭಾಗವನ್ನು ದಾಟಿಸಿ ನೋಡಿರಬೇಕು.

ಅಂದು ನನ್ನನ್ನು ಕರೆಸಿದ್ದು ಪೂಜೆಗೆ ಮೊದಲು ಬಂದೂಕುಗಳನ್ನು ಶುಚಿ ಮಾಡಿಕೊಡಲು. ಮಧ್ಯಾಹ್ನದ ಊಟಕ್ಕೆ ಸಿಂಧನೂರಿನಿಂದ ಗೆಳೆಯರು ಬರುವವರಿದ್ದರು. ಆ ಮನೆಯ ಪದ್ಧತಿಯಂತೆ ಪೂಜೆಯಾದ ಮೇಲೆ ಗುಡ್ಡದ ಕೆಳಗಿನ ಹೊಲಕ್ಕೆ ಹೋಗಿ, ಮಣ್ಣಿನ ದಿಬ್ಬಕ್ಕೆ ಎರಡು ಗುಂಡು ಹೊಡೆಯುವುದು. ಮೊದಲ ಗುಂಡು ಕಾವಲಿನವನದು. ಅವನಿಗೆ ಹೊಸ ರುಮಾಲು, ತೆಂಗಿನಕಾಯಿ. ಎರಡನೆಯದು ಮನೆಯ ಯಜಮಾನರದು. ಹಬ್ಬದ ಸಂಭ್ರಮಕ್ಕೆ ಗುಂಡು ಹಾರಿಸುವುದು ಅಪರಾಧ ಎಂದು ನಾನು ಮೊದಲೇ ಹೇಳಿದ್ದೆ.

“ಸಂಭ್ರಮ ಎಲ್ಲೀದ್ರಿ ಹವಾಲ್ದಾರ್ರ, ಹಂದಿ ಕಾಟ ಅದ, ಬಂದೂಕು ನಡೀತದೋ ಇಲ್ಲೋ ನೋಡಬೇಕಲ್ಲ,” ಎಂದು ನಕ್ಕಿದ್ದರು ಸಾಹುಕಾರರು. ಹಂದಿ ಓಡಿಸಲು ಫೋಟೊಗ್ರಾಫರ್‌ನನ್ನು ಯಾಕೆ ಕರೆಸಿದ್ದೀರಿ ಎಂದು ಕೇಳಿದ್ದಕ್ಕೆ ಇನ್ನೊಮ್ಮೆ ನಕ್ಕರು.

ಮೊದಲ ಎರಡು ಬಂದೂಕು ಹತ್ತು ಗಂಟೆಯೊಳಗೆ ಮುಗಿದವು. ಮೂರನೆಯದನ್ನು ಎತ್ತಿಕೊಂಡೆ. ಅದು 410 ಮಸ್ಕೆಟ್. ಹುಟ್ಟಿದಾಗ ಸೇನೆಯ 303 ರೈಫಲ್. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ತಿರುಗುತ್ತಾ ನೇರ ಹೋಗಲೆಂದು. ಸೇನೆಗೆ ಬೇಡವಾದ ಇಂಥ ಕೆಲವು ರೈಫಲ್‌ಗಳ ನಳಿಗೆಯನ್ನು ಕೊರೆದು, ಗೀರು ಅಳಿಸಿ, ನುಣುಪು ಮಾಡಿ, ಮಸ್ಕೆಟ್ ಎಂದು ಪೊಲೀಸರಿಗೆ, ಕಾವಲಿನವರಿಗೆ ಕೊಟ್ಟರು. ಅಲ್ಲಿಂದ ಮುಂದೆ ಕೆಲವು ಮನೆಗಳಿಗೂ ಬಂದವು. ಕೊರೆದ ಮೇಲೆ ನಳಿಗೆಯ ಗೋಡೆ ಮೊದಲಿಗಿಂತ ತೆಳ್ಳಗಾಗಿರುತ್ತದೆ ಎಂಬುದನ್ನು ಓದುಗರು ನೆನಪಿಡಬೇಕು.

ಈ ಮಸ್ಕೆಟ್ಟಿನ ಮುಂಭಾಗದ ಕಟ್ಟಿಗೆಗೆ, ಎಡಗೈ ಹಿಡಿಯುವ ಜಾಗದಲ್ಲಿ, ಗೇಣುದ್ದ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿ ಬೆಸುಗೆ ಹಾಕಿತ್ತು. ಪ್ರತಿ ಖಂಡೆ ಪೂಜೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಅದು ದೇವರ ಮನೆಯ ಕೊಡದಂತೆ ಹೊಳೆಯುತ್ತಿತ್ತು.

“ಇಂಥಾದ್ದು ಈ ಸೀಮ್ಯಾಗ ಇನ್ನೊಂದ ಇರಲಿಕ್ಕಿಲ್ಲ,” ಎಂದರು ಸಾಹುಕಾರರು. “ಯಾರೋ ದೊಡ್ಡ ಆಫೀಸರಂದು ಇರಬೇಕು. ಹೆಂಗ ಸಿಂಗಾರ ಮಾಡ್ಯಾರ ನೋಡ್ರಿ.”

“ಸಿಂಗಾರ ಅಲ್ರಿ ಇದು. ಎಚ್ಚರಿಕೆ.”

ನಮ್ಮ ಉಸ್ತಾದರು ಇದನ್ನು ಮೊದಲ ವಾರದಲ್ಲೇ ಕಲಿಸಿದ್ದರು. ಹಿಂದೆ ಕೆಲವು ರೈಫಲ್‌ಗಳ ಬಾಯಿಗೆ ಬಟ್ಟಲು ಕೂರಿಸಿ, ಅದರಿಂದ ಗ್ರೆನೇಡ್ ಎಸೆಯುತ್ತಿದ್ದರು. ಆ ಕೆಲಸದಲ್ಲಿ ನಳಿಗೆಯ ಮೇಲೆ ಬೀಳುವ ಒತ್ತಡ ವಿಪರೀತ. ಒಂದು ವೇಳೆ ನಳಿಗೆ ಸಿಡಿದರೆ ಕಟ್ಟಿಗೆ ಚೂರಾಗಿ ಹೊಡೆಯುವವನ ಕೈಗೆ, ಮುಖಕ್ಕೆ ನುಗ್ಗಬಾರದೆಂದು ತಂತಿ ಸುತ್ತುತ್ತಿದ್ದರು. ತಂತಿ ಕಂಡರೆ ಆರ್ಮರರ್ ಓದಿಕೊಳ್ಳಬೇಕಾದದ್ದು ಇಷ್ಟು: ಈ ಆಯುಧ ದಣಿದಿದೆ, ಸಾಮಾನ್ಯ ಬಳಕೆಗೆ ಕೊಡಬೇಡ. ಅಂಥ ದಣಿದ ನಳಿಗೆಯನ್ನೇ ಆಮೇಲೆ ಯಾರೋ ಕೊರೆದು ಇನ್ನೂ ತೆಳ್ಳಗೆ ಮಾಡಿದ್ದರು. ಆ ಎಚ್ಚರಿಕೆಗೆ ಈ ಮನೆಯಲ್ಲಿ ಇಷ್ಟು ವರ್ಷ ಕುಂಕುಮ ಹಚ್ಚಿದ್ದರು.

ಬೋಲ್ಟ್ ತೆಗೆದೆ. ಬೋಲ್ಟ್ ಎಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಅಗಳಿ. ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ಒಳಗೆ ನೋಡಿದೆ. ಸರಿಯಾದ ನಳಿಗೆಯೊಳಗೆ ಬೆಳಕು ಒಂದೇ ಸಮನೆ ಹರಿಯುತ್ತದೆ. ಇಲ್ಲಿ ನಡುವೆ ಒಂದು ಕಪ್ಪು ಉಂಗುರ ಕಂಡಿತು. ಅಲ್ಲಿ ಉಕ್ಕು ಒಳಗಿನಿಂದ ಉಬ್ಬಿದೆ ಎಂದು ಅರ್ಥ. ಉಬ್ಬು ಹೊರಗೆ ಕಾಣುತ್ತಿರಲಿಲ್ಲ, ಏಕೆಂದರೆ ಅದು ತಾಮ್ರದ ತಂತಿಯ ಕೆಳಗಿತ್ತು. ಗೇಜು, ಎಂದರೆ ಅಳತೆಯ ಉಕ್ಕಿನ ಸಳಿ, ಇಳಿಸಿದೆ. ಎಲ್ಲ ಕಡೆ ಬಿಗಿಯಾಗಿ ಜಾರಿದ ಗೇಜು ಆ ಜಾಗಕ್ಕೆ ಬಂದಾಗ ಸಡಿಲವಾಗಿ ಅಲುಗಾಡಿತು.

ಹುಲಿಗೆಪ್ಪನನ್ನು ಕೇಳಿದೆ, “ಪೂಜಿ ಆದ ಮ್ಯಾಲೆ ನಳಗಿ ಬಾಯಿಗೆ ಏನರ ತುಂಬತೀರೇನು?”

“ಕುಂಬಾರ ಹುಳ ಮಣ್ಣಿನ ಗೂಡ ಕಟ್ಟತೈತ್ರಿ ಒಳಗ. ಅದಕ್ಕ ಬೆಣ್ಣಿ ಹಚ್ಚಿದ ಅಳ್ಳಿ ತುಂಬತೀವಿ. ಹೊಡಿಯೂ ಮುಂದ ತಗೀತೀವಿ.”

“ಎಂದರ ತಗಿಯೋದು ಮರ್ತಿದ್ದೇನು?”

ಅವನು ಯೋಚಿಸಿದ. “ನೆನಪಿಲ್ರಿ. ಹೋದ ವರ್ಷ ಮಾತ್ರ ಕತ್ತಿ ಒದ್ದಂಗ ಒದೀತು. ಕೆನ್ನಿ ಎಂಟ ದಿನ ಬಾತಿತ್ತು.”

ಬಾಯಿಗೆ ತುಂಬಿದ ಅರಳೆ ನಳಿಗೆಯ ನಡುವಿಗೆ ಜಾರಿ ಉಳಿದಾಗ ಹೊಡೆದರೆ ನಳಿಗೆಯೊಳಗಿನ ಒತ್ತಡ ಹೋಗಲು ದಾರಿಯಿಲ್ಲದೆ ಉಕ್ಕನ್ನು ಉಬ್ಬಿಸುತ್ತದೆ. ಒಮ್ಮೆ ಉಬ್ಬಿದ ಉಕ್ಕು ಮುಂದಿನ ಗುಂಡಿಗೆ ತಡೆಯಬಹುದು, ಸಿಡಿಯಲೂಬಹುದು. ನನ್ನ ವೃತ್ತಿಯಲ್ಲಿ ಈ ‘ಬಹುದು’ಗಳಿಗೆ ಜಾಗವಿಲ್ಲ. ನಾನು ಬೋಲ್ಟನ್ನು ಬಂದೂಕಿಗೆ ಮರಳಿ ಹಾಕದೆ ಬಟ್ಟೆಯಲ್ಲಿ ಸುತ್ತಿ ನನ್ನ ಪಕ್ಕ ಇಟ್ಟುಕೊಂಡೆ.

“ಇದನ್ನ ಇವತ್ತ ಹೊಡಿಯಂಗಿಲ್ಲ. ನಾಳಿನೂ ಹೊಡಿಯಂಗಿಲ್ಲ. ಇನ್ನ ಎಂದೂ ಹೊಡಿಯಂಗಿಲ್ಲ.”

ಮೊದಲು ಸಿಟ್ಟಾದದ್ದು ಸಾಹುಕಾರರಲ್ಲ, ಹುಲಿಗೆಪ್ಪ. ಐವತ್ತೈದು ದಾಟಿದ, ತೆಳ್ಳಗೆ ನೆಟ್ಟಗಿನ ಆಸಾಮಿ. ಮಗ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸಕ್ಕೆ ಸೇರಿ, ಕಂಪನಿಯ ಮನೆ ಸಿಕ್ಕಿ, ಬಂದುಬಿಡು ಎಂದು ಕರೆದರೂ ಈತ ಕಾವಲು ಬಿಟ್ಟಿರಲಿಲ್ಲ. ಬಿಡದಿದ್ದದ್ದು ವರ್ಷದ ಈ ಒಂದು ದಿನಕ್ಕಾಗಿ. ಅಂದು ಬೆಳಿಗ್ಗೆಯೇ ಹೊಸ ಬಿಳಿ ರುಮಾಲು ಸುತ್ತಿಕೊಂಡು ತಯಾರಾಗಿದ್ದ.

“ನಿಮ್ಮ ಸಳಿಗಿಳಿ ಒಳಗಿಡ್ರಿ ಪರೇಡ್ ಸಾಹೇಬ್ರ,” ಎಂದ. “ಇದು ನನ್ನ ಕೈಯಾಗ ಪಳಗಿದ್ದು. ನೀವು ಇವತ್ತ ನೋಡೀರಿ, ನಾ ಇಪ್ಪತ್ತ ವರ್ಷ ಹೊಡದೀನಿ.”

“ಇಪ್ಪತ್ತ ವರ್ಷ ಹೊಡದಿ ಅಂತನ ಇದು ಹಿಂಗಾಗೇತಿ.”

“ನಿಮಗೇನ್ರಿ, ದಿನಾ ಬಂದೂಕಿನ ಜೋಡಿ ಇರತೀರಿ. ನಾ ವರ್ಷಕ್ಕೊಮ್ಮೆ ರುಮಾಲ ಸುತ್ತಿ ಊರ ಮುಂದ ನಿಲ್ಲತೀನಿ. ನಮ್ಮಪ್ಪನೂ ನಿಂತಾನ. ಅದನ್ನೂ ಕಸಗೊಂತೀರೇನು?”

ಅವನ ಕೆನ್ನೆ, ಅವನ ಎಡಗೈ, ಅವನ ಕಣ್ಣು ಉಳಿಸಲು ನಾನು ಕೂತಿದ್ದರೆ, ಅವನು ನನ್ನನ್ನು ಕಳ್ಳನಂತೆ ನೋಡುತ್ತಿದ್ದ. ಸಾಹುಕಾರರು ಇದೇ ಸಂದಿಯಲ್ಲಿ ಕೈಹಾಕಿದರು.

“ನೋಡ್ರಿ, ಹೊಡಿಯಾಂವಗ ಹೆದರಿಕಿಲ್ಲ, ನಿಮಗ್ಯಾಕ? ಒಂದ ಗುಂಡಿನ ಮಾತು. ಮಂದಿ ಸಿಂಧನೂರ ಬಿಟ್ಟಾರ. ಮೊದಲನೇದ್ದು ಹುಲಿಗೆಪ್ಪ ಹೊಡೀಲಿ, ಏನೂ ಆಗಲಿಲ್ಲಂದ್ರ ನಾನೂ ಒಂದ ಹೊಡೀತೀನಿ. ಆಮ್ಯಾಲೆ ಬೇಕಾರ ಶೋಕೇಸಿನಾಗ ಇಡೋಣು.”

ಏನೂ ಆಗಲಿಲ್ಲಂದ್ರ. ಈ ಮಾತು ಅವರ ಬಾಯಿಂದ ಎಷ್ಟು ಸರಾಗವಾಗಿ ಬಂತೆಂದರೆ, ಅದು ಅವರು ಅಂದೇ ಯೋಚಿಸಿ ಹೇಳಿದ್ದಲ್ಲ ಎಂದು ನನಗೆ ಅನ್ನಿಸಿತು. ಅವರನ್ನು ಪರೀಕ್ಷಿಸಲೆಂದೇ ಸರದಿ ಬದಲು ಮಾಡೋಣವೆಂದೆ. “ಹಂಗಾರ ಈ ಸಲ ಮೊದಲನೇದ್ದು ನೀವ ಹೊಡ್ರಲ್ಲ.”

ಉತ್ತರ ಕೊಟ್ಟವರು ನೀಲಮ್ಮ. ಎಂಬತ್ತರ ಅಂಚಿನ ಹಿರಿಯಮ್ಮ. ಅಷ್ಟು ಹೊತ್ತೂ ಗೋಡೆಗೆ ಒರಗಿ ಪೂಜೆಗೆ ಬತ್ತಿ ಹೊಸೆಯುತ್ತಾ ಕೂತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು.

“ಮೊದಲನೇದ್ದು ನಮ್ಮ ಮನ್ಯಾಗಿನವರು ಹೊಡಿಯಂಗಿಲ್ಲಪಾ. ಮಾವನವರ ಕೈ ಹೋದಾಗಿಂದ ಹಂಗ ನಡಕೊಂಡ ಬಂದೈತಿ.”

“ಯಾವ ಕೈರಿ ಅವ್ವಾರ?”

“ಎಡಗೈ. ಮೂರ ಬೆರಳು. ಹಳೇ ಜೋಡನಳಗಿ ಬಂದೂಕ ಇತ್ತು, ಖಂಡೆ ಪೂಜಿ ದಿನನ ಒಡೀತು. ಅದಕ್ಕ ಪಟದಾಗ ಕೈ ಮ್ಯಾಲೆ ಶಲ್ಲೆ ಹೊಚ್ಯಾರ ನೋಡು. ಮರು ವರ್ಷದಿಂದ ಕಾವಲಿನವಗ ರುಮಾಲ ಸುತ್ತಿ, ಕಾಯಿ ಕೊಟ್ಟು, ಮೊದಲ ಗುಂಡ ಹೊಡಸೂದು. ಅದು ಛಂದ ಹೋತಂದ್ರ ಎರಡನೇದ್ದು ನಮ್ಮವರು.”

ಅವರ ದನಿಯಲ್ಲಿ ಮುಚ್ಚುಮರೆ ಇರಲಿಲ್ಲ. ಅಡುಗೆಗೆ ಎಷ್ಟು ಉಪ್ಪು ಎಂದು ಹೇಳುವಂತೆ ಹೇಳಿದರು. ನಾವೆಲ್ಲ ಗೋಡೆಯ ಮೇಲಿನ ಪಟದ ಕಡೆ ನೋಡಿದೆವು. ಕುರ್ಚಿಯಲ್ಲಿ ಕೂತ ಹಿರಿಯರು, ದೊಡ್ಡ ಮೀಸೆ, ಬಲಗೈ ತೊಡೆಯ ಮೇಲೆ, ಎಡಗೈ ಶಲ್ಯದ ಕೆಳಗೆ. ಪ್ರತಿ ಹಬ್ಬಕ್ಕೆ ಆ ಪಟ ಇಳಿಸಿ ಒರೆಸುತ್ತಿದ್ದವನು ಹುಲಿಗೆಪ್ಪ. ಅವನು ಪಟದ ಹತ್ತಿರ ಹೋಗಿ ನಿಂತು ಬಹಳ ಹೊತ್ತು ನೋಡಿದ.

“ಅವ್ವ, ಆ ಹಳೇ ಮಾತು ಈಗ್ಯಾಕ?” ಎಂದರು ಸಾಹುಕಾರರು. “ಅದು ಮರ್ಯಾದಿ. ಹಿರ್ಯಾರು ಮಾಡಿದ್ದು. ಹುಲಿಗೆಪ್ಪನ್ನ ಕೇಳ್ರಿ ಬೇಕಾರ.”

ಮೊದಲ ಗುಂಡು ಕಾವಲಿನವನಿಗೆ ಯಾಕೆಂದು ಸಾಹುಕಾರರಿಗೆ ಗೊತ್ತಿತ್ತು. ನನ್ನ ಸಿಟ್ಟು ಅಲ್ಲಿಯವರೆಗೆ ಬಂದೂಕಿನ ಮೇಲೆ, ವಿಡಿಯೊಗಳ ಮೇಲೆ, ಹುಣಸೆಹಣ್ಣಿನ ಮೇಲೆ ಹರಿದಾಡುತ್ತಿತ್ತು. ಈಗ ಅದಕ್ಕೆ ಒಂದು ಮುಖ ಸಿಕ್ಕಿತು. ಸೇನೆಯಲ್ಲಿ ಅನುಮಾನದ ಆಯುಧವನ್ನು ಪರೀಕ್ಷಿಸುವಾಗ ಅದನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಟ್ರಿಗರಿಗೆ ಹಗ್ಗ ಕಟ್ಟಿ, ಮರಳು ಚೀಲಗಳ ಗೋಡೆಯ ಹಿಂದೆ ನಿಂತು ಎಳೆಯುತ್ತಿದ್ದೆವು. ಮನುಷ್ಯ ಹತ್ತಿರ ಸುಳಿಯುವಂತಿರಲಿಲ್ಲ. ಈ ಮನೆಯವರು ಆ ಹಗ್ಗದ ಕೆಲಸವನ್ನು ಹುಲಿಗೆಪ್ಪನ ಅಪ್ಪನಿಂದಲೂ ಮಾಡಿಸಿದ್ದರು, ಅವನಿಂದಲೂ ಮಾಡಿಸಿದ್ದರು. ಅದಕ್ಕೊಂದು ರುಮಾಲು ಸುತ್ತಿ ಮರ್ಯಾದೆ ಎಂದು ಹೆಸರಿಟ್ಟಿದ್ದರು. ಇದನ್ನು ನಾನು ಅಲ್ಲಿಯೇ, ದನಿ ಏರಿಸದೆ, ಸಾಹುಕಾರರ ಮುಖ ನೋಡುತ್ತಾ ಹೇಳಿದೆ. ಅವರ ನಗು ಹೋಯಿತು.

ಹುಲಿಗೆಪ್ಪ ಪಟದ ಹತ್ತಿರದಿಂದ ತಿರುಗಿ ಬಂದ. ತಲೆಯ ರುಮಾಲನ್ನು ಬಿಚ್ಚಿದ. ಅವಸರ ಮಾಡಲಿಲ್ಲ, ಸುತ್ತು ಸುತ್ತಾಗಿ ಬಿಚ್ಚಿ, ಮಡಿಚಿ, ಪೂಜೆಯ ತಟ್ಟೆಯಲ್ಲಿ ತೆಂಗಿನಕಾಯಿಯ ಪಕ್ಕ ಇಟ್ಟು, ತಟ್ಟೆಯನ್ನು ಸಾಹುಕಾರರ ಮುಂದೆ ಸರಿಸಿದ.

“ಈ ಸಲ ನೀವ ಸುತ್ತಿಕೋರಿ ಸಾಹುಕಾರ್ರ. ಮೊದಲನೇದ್ದು ನೀವು ಹೊಡ್ರಿ. ಎರಡನೇದ್ದು ನಾ ಹೊಡೀತೀನಿ.”

ಸಾಹುಕಾರರು ತಟ್ಟೆಯನ್ನು ಮುಟ್ಟಲಿಲ್ಲ. ಅವರ ಫೋನು ರಿಂಗಾಯಿತು. ಗೆಳೆಯರು ಮಸ್ಕಿ ದಾಟಿದ್ದರು. ಸಾಹುಕಾರರು ಫೋನನ್ನು ಕಿವಿಗೆ ಹಿಡಿದು, “ಬಂದೂಕು ಕೆಟ್ಟದ, ಇವತ್ತ ಊಟ ಮಾತ್ರ,” ಎಂದರು. ಬೆಳಗಿನಿಂದ ನಾನು ಗೇಜು ಹಾಕಿ ತೋರಿಸಿದರೂ ಒಪ್ಪದವರು, ತಮ್ಮ ಕೆನ್ನೆಯ ಪ್ರಶ್ನೆ ಬಂದಾಗ ಒಂದೇ ಮಾತಿನಲ್ಲಿ ಒಪ್ಪಿದರು.

ಫೋನಿಟ್ಟ ಮೇಲೆ ಇನ್ನೊಂದು ಸಲಹೆ ಬಂತು. “ನೀವ ಹೇಳಿದಂಗ ಹಗ್ಗ ಕಟ್ಟಿ ಹೊಡದ್ರ? ದೂರದಿಂದ ವಿಡಿಯೊ ಮಾಡಬಹುದು.”

“ಕೆಟ್ಟದ್ದು ಗೊತ್ತಾದ ಮ್ಯಾಲೆ ಪರೀಕ್ಷಾ ಯಾತಕ್ಕ? ಅದು ತಮಾಷಾ. ತಮಾಷಾ ಮಾಡಾಕ ನನಗ ಲೈಸೆನ್ಸ್ ಇಲ್ಲ.”

ಮಧ್ಯಾಹ್ನ ಗೆಳೆಯರು ಬಂದರು, ಹೋಳಿಗೆ ಉಂಡರು, ಶೋಕೇಸಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಹೋದರು. ನನ್ನನ್ನೂ ಊಟಕ್ಕೆ ಕರೆದರು. ನಾನು ಬುತ್ತಿ ಕಟ್ಟಿಕೊಂಡು ಬಂದಿದ್ದೆ. ಕಟ್ಟೆಯ ಮೇಲೆ ಕೂತು ಅದನ್ನೇ ಉಂಡೆ. ಹುಲಿಗೆಪ್ಪ ಬರಿದಲೆಯಲ್ಲಿ ಬಂದು ಪಕ್ಕದಲ್ಲಿ ಕೂತ. ಕೇಳಿದ.

“ಸಾಹೇಬ್ರ, ನಮ್ಮಪ್ಪಗ ಗೊತ್ತಿತ್ತೇನ್ರಿ ಇದು?”

“ನನಗ ಹೆಂಗ ಗೊತ್ತಾಗಬೇಕು?”

“ಗೊತ್ತಿರಲಿಕ್ಕಿಲ್ಲ. ಗೊತ್ತಿದ್ರ ನನಗ ಹೇಳತಿದ್ದ.” “ಹೇಳತಿದ್ದ,” ಎಂದು ಮತ್ತೊಮ್ಮೆ ಅಂದ.

ಗೆಳೆಯರು ಹೋದ ಮೇಲೆ ಉಳಿದ ಕೆಲಸಕ್ಕೆ ಕೂತೆ. ನಿರುಪಯೋಗಿ ಎಂದು ತೀರ್ಮಾನವಾದ ಆಯುಧಕ್ಕೆ ಗುರುತು ಹಾಕದೆ ಬಿಡುವುದು ನಮ್ಮಲ್ಲಿ ಇಲ್ಲ. ಡಬ್ಬಿಯಿಂದ ಕೆಂಪು ಪೇಂಟು, ಸಣ್ಣ ಬ್ರಷ್ ತೆಗೆದೆ. ಸಾಹುಕಾರರು ಓಡಿ ಬಂದರು.

“ಪೇಂಟ್ ಹಚ್ಚಬ್ಯಾಡ್ರಿ. ಆ್ಯಂಟಿಕ್ ಐಟಮ್ ಅದು. ಒಂದ ಗೀರ ಬಿದ್ರ ಹಾಳಾಗ್ತದ.”

ಬೆಳಗಿನಿಂದ ಒಬ್ಬ ಮನುಷ್ಯನ ಮುಖದ ಬಗ್ಗೆ ಇಷ್ಟು ಕಾಳಜಿ ಇವರು ತೋರಿಸಿರಲಿಲ್ಲ. ನಾನು ಅವರೊಂದಿಗೆ ವಾದ ಮಾಡಲಿಲ್ಲ. ಲೈಸೆನ್ಸ್ ನೀಲಮ್ಮನವರ ಹೆಸರಿನಲ್ಲಿತ್ತು. ಅವರ ಹತ್ತಿರ ಹೋಗಿ, “ಅವ್ವಾರ, ಬಂದೂಕ ನಿಮ್ಮದು. ಗುರುತ ಹಾಕಲೇನು?” ಎಂದೆ. ಅವರು ಹುಲಿಗೆಪ್ಪನ ಬರಿದಲೆಯ ಕಡೆ ನೋಡಿದರು. ಹೊಸೆದ ಬತ್ತಿಗಳು ಮಡಿಲಲ್ಲಿ ಹಾಗೇ ಇದ್ದವು.

“ಹಾಕಪಾ,” ಎಂದರು. “ಅವನ ಹೆಸರೂ ಕಾಗದದಾಗಿಂದ ತಗಸಿಬಿಡು. ಸಾಕು.”

ತಾಮ್ರದ ತಂತಿಯ ಹಿಂದೆ, ಕಟ್ಟಿಗೆಯ ಸುತ್ತ, ನಮ್ಮ ರೂಢಿಯಂತೆ ಕೆಂಪು ಪಟ್ಟಿ ಎಳೆಯಲು ಬ್ರಷ್ ಅದ್ದಿದೆ. ಹುಲಿಗೆಪ್ಪ ಬಗ್ಗಿ ನೋಡುತ್ತಿದ್ದವನು ನನ್ನ ಕೈ ತಡೆದ.

“ಪಟ್ಟಿ ಬ್ಯಾಡ್ರಿ. ನಾಳೆ ಅದಕ್ಕೂ ಕುಂಕುಮ ಹಚ್ಚತಾರ. ಅಕ್ಷರ ಬರೀರಿ.”

ಈ ವೃತ್ತಿಯಲ್ಲಿ ನಾನು ಎಷ್ಟೋ ಪಟ್ಟಿ ಎಳೆದಿದ್ದೇನೆ, ಎಷ್ಟೋ ಮುದ್ರೆ ಒತ್ತಿದ್ದೇನೆ. ಅವೆಲ್ಲ ಒಬ್ಬ ಆರ್ಮರರ್ ಇನ್ನೊಬ್ಬ ಆರ್ಮರರ್‌ಗೆ ಬರೆದ ಎಚ್ಚರಿಕೆಗಳು. ಬಂದೂಕು ಕೈ ಬದಲಿಸುತ್ತದೆ, ಮನೆ ಬದಲಿಸುತ್ತದೆ. ಎಚ್ಚರಿಕೆಯನ್ನು ಓದಬಲ್ಲವರು ಹಿಂದೆ ಉಳಿಯುತ್ತಾರೆ. ತಾಮ್ರದ ತಂತಿ ಸುತ್ತಿದವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ಆದರೆ ಆ ಬಂದೂಕಿಗೆ ಕೊನೆಗೆ ಕೆನ್ನೆ ಕೊಡುವವನು ಸಂತೆಕಲ್ಲೂರಿನ ಕಡೆಯ ಒಬ್ಬ ಕಾವಲಿನವನೆಂದು ಅವನಿಗೆ ಹೊಳೆದಿರಲಿಲ್ಲ. ಎಚ್ಚರಿಕೆ ಬರೆಯಬೇಕಾದದ್ದು ಆ ಕೆನ್ನೆಯವನ ಭಾಷೆಯಲ್ಲಿ. ನನಗಿದು ಅರವತ್ತೇಳನೆಯ ವಯಸ್ಸಿನಲ್ಲಿ, ಬ್ರಷ್ ಕೈಯಲ್ಲಿದ್ದಾಗ ತಿಳಿಯಿತು.

ಬಂದೂಕಿನ ಬಟ್, ಎಂದರೆ ಭುಜಕ್ಕೆ ಒತ್ತುವ ಹಿಂಬದಿಯ ಕಟ್ಟಿಗೆ, ಅದರ ಎರಡೂ ಬದಿಗೆ ದಪ್ಪ ಅಕ್ಷರದಲ್ಲಿ ಬರೆದೆ: ಈ ಬಂದೂಕು ಹೊಡೆಯಬಾರದು. ಸಿಡಿಯುತ್ತದೆ. ಲೈಸೆನ್ಸ್ ಕಚೇರಿಗೆ ಕೊಡಬೇಕಾದ ವರದಿ ಬರೆದು ನೀಲಮ್ಮನವರ ಸಹಿ ಪಡೆದೆ. ಬೋಲ್ಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಬಂದೂಕಿನಿಂದ ಬೇರೆಯಾಗಿ, ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಅವರ ಕೈಯಿಂದಲೇ ಇರಿಸಿ ಬೀಗ ಹಾಕಿಸಿದೆ. ಹುಲಿಗೆಪ್ಪ ಹಸಿ ಅಕ್ಷರಗಳನ್ನು ಮುಟ್ಟದೆ, ಬೆರಳನ್ನು ಮೇಲಿನಿಂದ ಸರಿಸುತ್ತಾ ಒಂದೊಂದಾಗಿ ಗಟ್ಟಿಯಾಗಿ ಓದಿದ. ಸಾಹುಕಾರರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಗೇಜು, ಸ್ಕ್ರೂಡ್ರೈವರ್, ಎಣ್ಣೆ ಡಬ್ಬಿ ಪೆಟ್ಟಿಗೆ ಸೇರಿದವು. ಬ್ರಷ್ ಉಳಿಯಿತು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಲು ಹಳೆಯ ಬಟ್ಟೆ ಏನಾದರೂ ಇದ್ದರೆ ಕೊಡು ಎಂದೆ. ಹುಲಿಗೆಪ್ಪ ಒಳಗೆ ಹೋಗಿ ತಟ್ಟೆಯಲ್ಲಿದ್ದ ರುಮಾಲನ್ನು ತಂದುಕೊಟ್ಟ. ನಾನು ಅದರಲ್ಲಿ ಬ್ರಷ್ಷಿನ ಕೆಂಪನ್ನು ಪೂರ್ತಿ ಒರೆಸಿ, ಪೇಂಟಿನ ಡಬ್ಬಿಯ ಮುಚ್ಚಳ ಬಿಗಿದೆ.